ಕೋಣೆ ಅಳೆಯುವ ಫೋನಿಗೆ ತಾನೆಲ್ಲಿದ್ದೇನೆಂದು ಗೊತ್ತಿದೆಯೇ?

ಪ್ರಶ್ನೆ: ಮನೆಗಳ ಒಳಾಂಗಣ ವಿನ್ಯಾಸ ನನ್ನ ವೃತ್ತಿ. ಅಳತೆ ತೆಗೆಯುವ ಕೆಲಸ ಹಗುರಾಗಲಿ ಎಂದು ಲೈಡಾರ್ (ಬೆಳಕು ಹೋಗಿ ಮರಳುವ ಹೊತ್ತಿನಿಂದ ದೂರ ಅಳೆಯುವ ಸೆನ್ಸರ್) ಇರುವ ಫೋನ್ ತೆಗೆದುಕೊಂಡೆ. ಚಿಕ್ಕ ಕೋಣೆಗಳಲ್ಲಿ ಚೆನ್ನಾಗಿಯೇ ಬರುತ್ತದೆ. ಮೊನ್ನೆ ಮಾತ್ರ ಉದ್ದನೆಯ ಕಾರಿಡಾರೊಂದನ್ನು ಸ್ಕ್ಯಾನ್ ಮಾಡುತ್ತಾ ಕೊನೆಯವರೆಗೆ ಹೋಗಿ, ಅಲ್ಲಿ ತಿರುಗಿ, ಹೊರಟ ಬಾಗಿಲಿಗೇ ವಾಪಸ್ ಬಂದೆ. ನೋಡಿದರೆ ಆ ಬಾಗಿಲಿನ ಚೌಕಟ್ಟು ನಕ್ಷೆಯಲ್ಲಿ ಎರಡಾಗಿ ಮೂಡಿದೆ. ಎರಡರ ನಡುವೆ ನಾಲ್ಕು ಬೆರಳು ಅಂತರ. ಟೇಪಿನಲ್ಲಿ ಕಾರಿಡಾರಿನ ಉದ್ದ 9 ಮೀಟರ್, ಫೋನಿನ ಪ್ರಕಾರ 9.06. ಬೆಳಕನ್ನೇ ಬಿಟ್ಟು ಅಳೆಯುವ ಸಾಧನ ತಪ್ಪುವುದು ಹೇಗೆ? ಲೈಡಾರ್ ಇಲ್ಲದ ಫೋನುಗಳೂ ಅಳೆಯುತ್ತವಲ್ಲ, ಅವು ಯಾವುದರ ಆಧಾರದಿಂದ ಅಳೆಯುತ್ತವೆ? ಈ ಅಳತೆಯನ್ನು ನಂಬಿ ಮರ ಕೊಯ್ಯಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಕೊಯ್ದ ಮರ ಮತ್ತೆ ಕೂಡುವುದಿಲ್ಲವಾದ್ದರಿಂದ. ಫೋನಿನ ಅಳತೆ ನಂಬಿ ಮರವನ್ನಾಗಲಿ ಗಾಜನ್ನಾಗಲಿ ಕೊಯ್ಯಿಸಬೇಡಿ. ಯಾವ ಸಾಮಾನು ಎಲ್ಲಿ ಕೂರುತ್ತದೆ, ಬಾಗಿಲು ತೆರೆದರೆ ಬೀರುವಿಗೆ ತಾಗುತ್ತದೆಯೇ, ಗೋಡೆಗೆ ಎಷ್ಟು ಬಣ್ಣ ಬೇಕಾಗಬಹುದು ಎಂಬಂಥ ತೀರ್ಮಾನಗಳಿಗೆ ಅದು ಧಾರಾಳವಾಗಿ ಸಾಕು. ಮಿಲಿಮೀಟರ್ ಲೆಕ್ಕದ ಕೆಲಸ ಬಂದ ಕೂಡಲೇ ಟೇಪನ್ನೋ ಲೇಸರ್ ಮೀಟರನ್ನೋ ಕೈಗೆತ್ತಿಕೊಳ್ಳಿ.

ಇನ್ನು ನಿಮ್ಮ ಎರಡು ಚೌಕಟ್ಟಿನ ವಿಷಯ. ಇಡೀ ಪ್ರಶ್ನೆಯ ಜೀವಾಳ ಅಲ್ಲೇ ಇದೆ. ನೀವು ಲೈಡಾರನ್ನು ಅನುಮಾನಿಸುತ್ತಿದ್ದೀರಿ. ಬಹುಮಟ್ಟಿಗೆ ಅದು ನಿರಪರಾಧಿ. ತಪ್ಪಿದ್ದು ಫೋನ್ ತನ್ನ ಜಾಗದ ಬಗ್ಗೆ ಇಟ್ಟುಕೊಂಡಿದ್ದ ಲೆಕ್ಕ.

ಹೀಗೆ ಯೋಚಿಸಿ. ಫೋನಿನ ಲೈಡಾರ್ ಸುಮಾರು 5 ಮೀಟರ್ ದೂರದವರೆಗೆ ಮಾತ್ರ ಅಳೆಯುತ್ತದೆ. ನಿಮ್ಮ ಕಾರಿಡಾರ್ 9 ಮೀಟರ್. ಅಂದಮೇಲೆ ಈ ತುದಿಯಿಂದ ಆ ತುದಿಯ ಗೋಡೆಗೆ ಬೆಳಕು ಒಮ್ಮೆಯೂ ಹೋಗಿ ಬಂದಿಲ್ಲ. 9.06 ಎಂಬುದು ಯಾವ ಸೆನ್ಸರೂ ನೇರವಾಗಿ ಕಂಡ ಸಂಖ್ಯೆಯಲ್ಲ. ಕಂಡ ತುಂಡುಗಳನ್ನು ಪಕ್ಕಪಕ್ಕದಲ್ಲಿ ಅಂಟಿಸಿಕೊಂಡು ಹೋಗಿ ಬಂದ ಮೊತ್ತ. ಯಾವ ತುಂಡನ್ನು ಎಲ್ಲಿ ಅಂಟಿಸಬೇಕೆಂದು ತಿಳಿಯಲು, ಆ ತುಂಡನ್ನು ಕಂಡ ಗಳಿಗೆಯಲ್ಲಿ ಫೋನ್ ಎಲ್ಲಿತ್ತು, ಯಾವ ಕಡೆ ಮುಖ ಮಾಡಿತ್ತು ಎಂಬುದು ಗೊತ್ತಿರಬೇಕು. ಗೋಡೆ ಎಲ್ಲಿದೆ ಎಂದು ಹೇಳುವ ಮೊದಲು ತಾನೆಲ್ಲಿದ್ದೇನೆ ಎಂದು ಹೇಳಬೇಕು. ತಾನೆಲ್ಲಿದ್ದೇನೆ ಎಂದು ತಿಳಿಯಲು ಅದಕ್ಕಿರುವ ಆಧಾರವಾದರೂ ಅದೇ ಗೋಡೆ, ಅದೇ ಬಾಗಿಲು. ನಕ್ಷೆ ಇಲ್ಲದೆ ಜಾಗ ತಿಳಿಯದು, ಜಾಗ ತಿಳಿಯದೆ ನಕ್ಷೆ ಆಗದು. ರೋಬೋಟ್ ಸಂಶೋಧಕರು 1980ರ ದಶಕದಿಂದ ಈ ಗಂಟನ್ನು ಬಿಡಿಸುತ್ತಾ ಬಂದಿದ್ದಾರೆ. ಎರಡನ್ನೂ ಒಟ್ಟಿಗೇ, ಸ್ವಲ್ಪ ಸ್ವಲ್ಪವಾಗಿ ಊಹಿಸಿ ತಿದ್ದಿಕೊಳ್ಳುತ್ತಾ ಹೋಗುವ ಈ ವಿಧಾನಕ್ಕೆ ಸ್ಲ್ಯಾಮ್ ಎಂದು ಹೆಸರು. ಕೋಣೆ ಅಳೆಯುವ ಎಲ್ಲ ಫೋನುಗಳ ಒಳಗೂ ಇದರ ಒಂದಲ್ಲ ಒಂದು ರೂಪ ಓಡುತ್ತಿರುತ್ತದೆ.

ಲೈಡಾರ್ ಮಾಡುವ ಕೆಲಸ ಎಷ್ಟು ಸೂಕ್ಷ್ಮ ಎಂಬುದನ್ನೂ ಇಲ್ಲೇ ಹೇಳಬೇಕು. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ, ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಮಕ್ಕಳ ಸ್ಕೇಲಿನಷ್ಟು ಉದ್ದ. 5 ಮೀಟರ್ ಆಚೆಯ ಗೋಡೆಗೆ ಹೋಗಿ ಬರಲು 33 ನ್ಯಾನೋಸೆಕೆಂಡ್ ಸಾಕು. ಒಂದು ಸೆಂಟಿಮೀಟರ್ ವ್ಯತ್ಯಾಸ ಗುರುತಿಸಬೇಕಾದರೆ 67 ಪಿಕೋಸೆಕೆಂಡಿನ ಹೆಚ್ಚುಕಡಿಮೆ ಹಿಡಿಯಬೇಕು (ಪಿಕೋಸೆಕೆಂಡ್ ಎಂದರೆ ನ್ಯಾನೋಸೆಕೆಂಡಿನ ಸಾವಿರದ ಒಂದು ಪಾಲು). ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಕಣ, ಬಿದ್ದರೂ ಸೂಚನೆ ಕೊಡುವ ಡಯೋಡುಗಳನ್ನು ಇದಕ್ಕಾಗಿ ಚಿಪ್ಪಿನ ಮೇಲೆ ಸಾಲಾಗಿ ಕೂರಿಸಿದ್ದಾರೆ. ಒಂದು ಮಿಡಿತವನ್ನು ನಂಬದೆ, ಮತ್ತೆ ಮತ್ತೆ ಬೆಳಕು ಬಿಟ್ಟು, ಹೆಚ್ಚು ಫೋಟಾನುಗಳು ಯಾವ ಹೊತ್ತಿಗೆ ಮರಳಿದವು ಎಂದು ನೋಡಿ ದೂರ ನಿರ್ಧರಿಸುತ್ತಾರೆ. ಬಿಡುವ ಬೆಳಕು ಕಣ್ಣಿಗೆ ಕಾಣದ ಅವಕೆಂಪು. ಇಂಥ ಸಾಧನಗಳಲ್ಲಿ ಹೆಚ್ಚಾಗಿ ಬಳಸುವುದು 940 ನ್ಯಾನೋಮೀಟರ್ ಆಸುಪಾಸಿನ ಅಲೆಯನ್ನು, ಏಕೆಂದರೆ ಸೂರ್ಯನ ಬೆಳಕಿನ ಆ ಭಾಗವನ್ನು ಗಾಳಿಯಲ್ಲಿರುವ ನೀರಾವಿ ಸಾಕಷ್ಟು ಹೀರಿಕೊಂಡಿರುತ್ತದೆ. ಬಿಸಿಲಿನ ಗಲಾಟೆ ಅಲ್ಲಿ ಕಡಿಮೆ. ಆದರೂ ಕಿಟಕಿಯಿಂದ ನೇರ ಬಿಸಿಲು ಬಿದ್ದ ನೆಲದ ಮೇಲೆ ಅಳತೆ ನಡುಗುವುದುಂಟು.

ಇಷ್ಟೆಲ್ಲ ಸೂಕ್ಷ್ಮವಾಗಿದ್ದರೂ ಫೋನ್ ಎರಚುವ ಬೆಳಕಿನ ಚುಕ್ಕಿಗಳು ಬಹಳವಿಲ್ಲ, ಕೆಲವು ನೂರು ಅಷ್ಟೇ. ಆಪಲ್ ಸಾಧನಗಳಲ್ಲಿ ಆಪ್‌ಗಳ ಕೈಗೆ ಸಿಗುವ ಆಳದ ಚಿತ್ರ (ಪ್ರತಿ ಬಿಂದುವಿಗೂ ಅದರ ದೂರ ಬರೆದಿಟ್ಟ ಚಿತ್ರ) 256 ಅಡ್ಡ, 192 ಉದ್ದದ್ದು, ಅಂದರೆ 49 ಸಾವಿರಕ್ಕೂ ಹೆಚ್ಚು ಬಿಂದುಗಳು. ನಡುವಿನ ಬಿಂದುಗಳಿಗೆ ದೂರ ಬಂದಿದ್ದು ಎಲ್ಲಿಂದ? ಮಾಮೂಲಿ ಬಣ್ಣದ ಕ್ಯಾಮೆರಾ ಕಂಡ ಅಂಚು, ನೆರಳುಗಳನ್ನು ನೋಡಿ, ಕಲಿತ ಗಣಿತ ಮಾದರಿಯೊಂದು ತುಂಬಿದ್ದು. ಕುರ್ಚಿಯ ಸಪೂರ ಕಾಲು ಕರಗಿಹೋಗುವುದು, ಗೋಡೆಯ ಚೂಪು ಮೂಲೆ ಸೋಪಿನ ತುಂಡಿನಂತೆ ದುಂಡಗಾಗುವುದು ಇದರಿಂದಲೇ. ಬಾಗಿಲಿನ ಅಂಚಿನಿಂದ ಅಂಚಿಗೆ ಅಳೆಯುವಾಗ ಇದನ್ನು ನೆನಪಿಡಿ: ಅಂಚುಗಳಲ್ಲೇ ಅದು ಹೆಚ್ಚು ದುರ್ಬಲ.

ಈಗ ಮುಖ್ಯ ಮಾತು: ಫೋನ್ ತನ್ನ ಜಾಗ ತಿಳಿಯುವುದು ಹೇಗೆ. ತೋಳು ಮುಂದೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಒಂದು ಕಣ್ಣು ಮುಚ್ಚಿ ತಲೆಯನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸರಿಸಿ. ಹೆಬ್ಬೆರಳು ಹಿಂದಿನ ಗೋಡೆಯ ಮೇಲೆ ಓಡಾಡಿದಂತೆ ಕಾಣುತ್ತದೆ, ಗೋಡೆಯೋ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ. ಫೋನಿನ ಕ್ಯಾಮೆರಾ ಮಾಡುವುದೂ ಇದನ್ನೇ. ಪ್ರತಿ ಚಿತ್ರದಲ್ಲಿ ಮತ್ತೆ ಗುರುತು ಹಿಡಿಯಬಹುದಾದ ಬಿಂದುಗಳನ್ನು ಆರಿಸಿಕೊಳ್ಳುತ್ತದೆ: ಸ್ವಿಚ್ ಬೋರ್ಡಿನ ಮೂಲೆ, ಟೈಲ್ಸ್ ಕೂಡುವ ಜಾಗ, ಪುಸ್ತಕದ ಬೆನ್ನಿನ ಅಕ್ಷರ. ಮುಂದಿನ ಚಿತ್ರದಲ್ಲಿ ಅವು ಎಷ್ಟೆಷ್ಟು ಸರಿದವು ಎಂಬುದರಿಂದ ತಾನು ಎತ್ತ ಸರಿದೆ ಎಂದೂ ಆ ಬಿಂದುಗಳು ಎಷ್ಟು ದೂರದಲ್ಲಿವೆ ಎಂದೂ ಒಟ್ಟಿಗೇ ಲೆಕ್ಕ ಹಾಕುತ್ತದೆ. ಬರಿ ಬಿಳಿ ಗೋಡೆ ಎದುರಾದರೆ ಹಿಡಿಯಲು ಬಿಂದುವೇ ಇಲ್ಲ. ಆಗ ಅದು ಕಣ್ಣಿದ್ದೂ ಕುರುಡು.

ಆದರೆ ಒಂಟಿ ಕ್ಯಾಮೆರಾಕ್ಕೆ ಹುಟ್ಟಿನಿಂದ ಬಂದ ಒಂದು ಕೊರತೆಯಿದೆ. ನಿಜವಾದ ಕೋಣೆಯನ್ನೂ ಅದರ ತದ್ರೂಪಾದ ಬೊಂಬೆಮನೆಯ ಕೋಣೆಯನ್ನೂ ಅದರ ಮುಂದಿಟ್ಟರೆ ಎರಡರ ಚಿತ್ರವೂ ಒಂದೇ. ಕೋಣೆಯ ಆಕಾರ ಗೊತ್ತಾಗುತ್ತದೆ, ಅಳತೆ ಗೊತ್ತಾಗುವುದಿಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಲೈಡಾರ್ ಇಲ್ಲದ ಫೋನಿಗೆ ಮೀಟರ್ ಎಂದರೇನು ಎಂದು ಹೇಳಿಕೊಡುವುದು ಅದರ ಒಳಗಿರುವ ಆಕ್ಸೆಲೆರೋಮೀಟರ್ ಎಂಬ ಪುಟ್ಟ ಚಿಪ್. ಕೈಯಲ್ಲಿರುವ ಫೋನ್ ಎಷ್ಟು ಜೋರಾಗಿ ವೇಗ ಕೂಡಿಸಿಕೊಂಡಿತು, ಎಷ್ಟು ಜೋರಾಗಿ ನಿಂತಿತು ಎಂದು ಅದು ಮೀಟರ್ ಲೆಕ್ಕದಲ್ಲೇ ಅನುಭವಿಸುತ್ತದೆ. ಕ್ಯಾಮೆರಾ ಕಂಡ ಸರಿತವನ್ನು ಇದರ ಪಕ್ಕ ಇಟ್ಟರೆ ಬೊಂಬೆಮನೆಯೋ ನಿಜದ ಮನೆಯೋ ತಿಳಿಯುತ್ತದೆ. ಅಳೆಯುವ ಆಪ್ ತೆರೆದ ಕೂಡಲೇ ಫೋನನ್ನು ಅತ್ತಿತ್ತ ಆಡಿಸಿ ಎಂದು ಕೇಳುತ್ತದಲ್ಲ, ಅದು ಈ ಕಾರಣಕ್ಕೂ ಹೌದು. ಒಂದೇ ಸಮನೆಯ ವೇಗದಲ್ಲಿ ತೇಲಿಕೊಂಡು ಹೋದರೆ ಆಕ್ಸೆಲೆರೋಮೀಟರಿಗೆ ಹೇಳಲು ಏನೂ ಇರುವುದಿಲ್ಲ.

ಹಾಗಾದರೆ ಆಕ್ಸೆಲೆರೋಮೀಟರ್ ಒಂದೇ ಸಾಲದೇ ಎಂದು ಕೇಳಬಹುದು. ಸಾಲದು. ಅದು ಹೇಳುವುದು ವೇಗ ಬದಲಾದ ಪ್ರಮಾಣ. ಅದರಿಂದ ವೇಗ, ವೇಗದಿಂದ ದೂರ, ಹೀಗೆ ಎರಡು ಸಲ ಕೂಡುತ್ತಾ ಹೋಗಬೇಕು. ಸೆಕೆಂಡಿನ ವರ್ಗಕ್ಕೆ 0.01 ಮೀಟರಿನಷ್ಟು, ಅಂದರೆ ಗುರುತ್ವದ ಸಾವಿರದ ಒಂದು ಪಾಲಿನಷ್ಟು ತಪ್ಪು ಅದರಲ್ಲಿ ಉಳಿದಿದೆ ಎನ್ನಿ. ಹತ್ತು ಸೆಕೆಂಡಿನಲ್ಲಿ ಜಾಗದ ತಪ್ಪು ಅರ್ಧ ಮೀಟರ್. ಒಂದು ನಿಮಿಷಕ್ಕೆ 18 ಮೀಟರ್! ಸುಮ್ಮನೆ ಮೇಜಿನ ಮೇಲೆ ಮಲಗಿರುವ ಫೋನ್ ತಾನು ಪಕ್ಕದ ಮನೆ ಸೇರಿದೆ ಎಂದುಕೊಂಡಿರುತ್ತದೆ. ಕ್ಯಾಮೆರಾ ಕ್ಷಣಕ್ಷಣಕ್ಕೂ ಅದರ ಕಿವಿ ಹಿಂಡುತ್ತಿರುವುದರಿಂದ ಲೆಕ್ಕ ಹತೋಟಿಯಲ್ಲಿರುತ್ತದೆ. ನೀವು ಫೋನನ್ನು ಥಟ್ಟನೆ ತಿರುಗಿಸಿ ಚಿತ್ರ ಕಲಸಿಹೋದ ಅರೆಗಳಿಗೆಯಲ್ಲಿ ಕ್ಯಾಮೆರಾ ಕೈಬಿಡುತ್ತದೆ, ಚಿಪ್ ಒಂದೇ ನಡೆಸುತ್ತದೆ. ತಪ್ಪು ನುಸುಳುವುದು ಆಗ.

ಈಗ ನಿಮ್ಮ ನಕ್ಷೆಗೆ ಬನ್ನಿ. ಅದರಲ್ಲಿ ನೆಲ ಓರೆಯಾಗಿಲ್ಲ, ಗೋಡೆ ವಾಲಿಲ್ಲ, ಅಲ್ಲವೇ? ಅದಕ್ಕೆ ಕಾರಣ ಗುರುತ್ವ. ಕೆಳಗೆ ಎಂದರೆ ಯಾವ ಕಡೆ ಎಂದು ಭೂಮಿಯೇ ಫೋನಿಗೆ ಸದಾ ಹೇಳಿಕೊಡುತ್ತಿರುತ್ತದೆ. ಆ ದಿಕ್ಕಿನ ತಪ್ಪು ಬೆಳೆಯಲು ಬಿಡುವುದಿಲ್ಲ. ಎಡಬಲಕ್ಕೆ ತಿರುಗಿದ ಲೆಕ್ಕಕ್ಕೆ ಅಂಥ ಸಾಕ್ಷಿ ಯಾರೂ ಇಲ್ಲ. ದಿಕ್ಸೂಚಿಯನ್ನು ಕೇಳೋಣವೆಂದರೆ ಕಟ್ಟಡದೊಳಗಿನ ಕಬ್ಬಿಣ ಅದರ ತಲೆ ಕೆಡಿಸಿರುತ್ತದೆ. ಕಾರಿಡಾರಿನ ಕೊನೆಯಲ್ಲಿ ನೀವು ಹಿಂದಕ್ಕೆ ತಿರುಗಿದಿರಿ, 180 ಡಿಗ್ರಿ. ಅಲ್ಲಿ ಎದುರಿಗಿದ್ದುದು ಬಹುಶಃ ಬರಿ ಗೋಡೆ. ಫೋನ್ ಅದನ್ನು 179.5 ಡಿಗ್ರಿ ಎಂದು ಎಣಿಸಿತು ಎಂದಿಟ್ಟುಕೊಳ್ಳಿ. ಅರ್ಧ ಡಿಗ್ರಿ ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಆ ಓರೆಯಲ್ಲೇ 9 ಮೀಟರ್ ವಾಪಸ್ ನಡೆದರೆ ಕೊನೆಗೆ ಪಕ್ಕಕ್ಕೆ ಸರಿದಿರುವುದು ಹೆಚ್ಚುಕಡಿಮೆ 8 ಸೆಂಟಿಮೀಟರ್. ನಿಮ್ಮ ನಾಲ್ಕು ಬೆರಳು ಅಂತರ ಅದೇ. ಸರಿತ ಕಾರಿಡಾರಿಗೆ ಅಡ್ಡಲಾಗಿದೆಯೇ ಎಂದು ನಕ್ಷೆಯಲ್ಲಿ ನೋಡಿ. ಅಡ್ಡಲಾಗಿದ್ದರೆ ತಪ್ಪು ತಿರುವಿನದೇ.

ಉದ್ದದಲ್ಲಿ ಬಂದ 6 ಸೆಂಟಿಮೀಟರ್ ಬೇರೆ ಕಥೆ. ಕಾರಿಡಾರ್ ಎಂಬುದು ಈ ವಿದ್ಯೆಗೆ ಹಳೆಯ ಹಗೆ. ಎರಡು ಬದಿಗೂ ಒಂದೇ ಸಮನಾದ ಗೋಡೆ. ಲೈಡಾರಿಗೆ ಎಡಗೋಡೆ ಎಷ್ಟು ದೂರ, ಬಲಗೋಡೆ ಎಷ್ಟು ದೂರ ಎಂಬುದು ಪಕ್ಕಾ ಗೊತ್ತು, ಆದರೆ ನೀವು ಒಂದು ಹೆಜ್ಜೆ ಮುಂದಿಟ್ಟರೂ ಅದಕ್ಕೆ ಕಾಣುವ ದೃಶ್ಯ ಬದಲಾಗುವುದೇ ಇಲ್ಲ. ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆಯುವವರನ್ನು ನೆನೆದುಕೊಳ್ಳಿ. ಗೋಡೆ ಕೈಯಲ್ಲೇ ಇದೆ, ಎಷ್ಟು ದೂರ ಬಂದೆವೆಂಬುದು ಮಾತ್ರ ಹೆಜ್ಜೆಯ ಅಂದಾಜು. ಬಾಗಿಲ ಸಂದು ಕೈಗೆ ತಗುಲಿದಾಗಲೇ ಖಾತ್ರಿ. ಅಗಲವನ್ನೂ ಒಮ್ಮೆ ಹೋಲಿಸಿ ನೋಡಿ. ಉದ್ದಕ್ಕಿಂತ ಅದು ಸರಿಯಾಗಿ ಬಂದಿರುತ್ತದೆ ಎಂಬುದು ನನ್ನ ನಿರೀಕ್ಷೆ.

ಲೇಸರ್ ಮೀಟರಿನ ಅಳತೆ ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರ್ ಒಳಗೇ ಇರುವುದು ಏಕೆಂದು ಈಗ ನಿಮಗೇ ಹೊಳೆದಿರಬೇಕು. ಅದೂ ಬೆಳಕನ್ನೇ ಬಳಸುತ್ತದೆ, ಆದರೆ ಅದು ನಡೆಯುವುದಿಲ್ಲ. ಒಂದು ಕಡೆ ಕೂತು ಒಂದೇ ಗೆರೆ ಅಳೆಯುತ್ತದೆ.

ಫೋನ್ ತನ್ನ ಜಾಗ ತಿಳಿಯಲು ಕಲಿತ ಚರಿತ್ರೆಯಲ್ಲಿ ನನಗೆ ತುಂಬ ಪಾಠ ಹೇಳಿದ್ದು ಗೂಗಲ್‌ನ ಟ್ಯಾಂಗೊ. 2014ರ ಫೆಬ್ರವರಿಯಲ್ಲಿ ಅದನ್ನು ಪ್ರಕಟಿಸಿದಾಗ ಫೋನೊಂದು ತನ್ನ ಸುತ್ತಲಿನ ಜಾಗವನ್ನು ಮನುಷ್ಯರಂತೆ ಅರಿಯಬೇಕು ಎಂಬುದೇ ಗುರಿಯಾಗಿತ್ತು. ಮುಂದಾಳು ಜಾನಿ ಲೀ, ಅದಕ್ಕೆ ಮೊದಲು ಮೈಕ್ರೋಸಾಫ್ಟ್‌ನ ಕಿನೆಕ್ಟ್ (ಆಟಗಾರರ ಮೈ ಚಲನೆಯನ್ನು ಗುರುತಿಸುವ ಸಾಧನ) ಯೋಜನೆಯಲ್ಲಿ ದುಡಿದವರು. ಟ್ಯಾಂಗೊ ಮೂರು ವಿಷಯಗಳನ್ನು ಬೇರೆಬೇರೆಯಾಗಿ ಹೆಸರಿಸಿತು: ಚಲನೆಯನ್ನು ಹಿಂಬಾಲಿಸುವುದು, ಆಳವನ್ನು ಗ್ರಹಿಸುವುದು, ಒಮ್ಮೆ ಕಂಡ ಜಾಗವನ್ನು ನೆನಪಿಟ್ಟು ಮತ್ತೆ ಗುರುತಿಸುವುದು. ಅಗಲ ನೋಟದ ವಿಶೇಷ ಕ್ಯಾಮೆರಾ, ಆಳದ ಸೆನ್ಸರ್ ಎಲ್ಲವನ್ನೂ ಅದಕ್ಕೆಂದೇ ಸೇರಿಸಬೇಕಿತ್ತು. ಅದೇ ವರ್ಷ ನಾಸಾ ಅದನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೂ ಕಳಿಸಿತು, ಅಲ್ಲಿ ತೇಲಾಡುವ ಪುಟ್ಟ ರೋಬೋಟುಗಳಿಗೆ ಕಣ್ಣಾಗಲಿ ಎಂದು. ಕೊಳ್ಳುವವರ ಕೈಗೆ ಬಂದ ಮೊದಲ ಟ್ಯಾಂಗೊ ಫೋನ್ 2016ರ ಲೆನೊವೊ ಫ್ಯಾಬ್ 2 ಪ್ರೊ, ಆಮೇಲೆ 2017ರಲ್ಲಿ ಆಸುಸ್‌ನದೊಂದು. ಆ ಹೊತ್ತಿಗೆ ಆಪಲ್ ಆಪ್ ತಯಾರಕರಿಗೆಂದು ಸಾಫ್ಟ್‌ವೇರ್ ಸಲಕರಣೆಯಾದ ಎಆರ್‌ಕಿಟ್ ತಂದು ಮಾಮೂಲಿ ಕ್ಯಾಮೆರಾ ಮತ್ತು ಚಲನೆಯ ಚಿಪ್ಪುಗಳಿಂದಲೇ ಫೋನ್ ತನ್ನ ಜಾಗ ತಿಳಿಯಬಲ್ಲದು ಎಂದು ತೋರಿಸಿತ್ತು. ಗೂಗಲ್ ಅದೇ ದಾರಿಯಲ್ಲಿ ಎಆರ್‌ಕೋರ್ ತಂದು, 2018ರ ಮಾರ್ಚ್ 1ರಂದು ಟ್ಯಾಂಗೊವನ್ನು ನಿಲ್ಲಿಸಿತು. ಹಾಗೆಂದು ಟ್ಯಾಂಗೊ ಸೋತಿತು ಎಂದು ನಾನು ಹೇಳಲಾರೆ. ಚಲನೆಯನ್ನು ಹಿಂಬಾಲಿಸುವುದು ಸರಿಯಾದರೆ ಮಿಕ್ಕಿದ್ದನ್ನು ಆಮೇಲೆ ಸೇರಿಸಿಕೊಳ್ಳಬಹುದು ಎಂಬುದನ್ನು ಅದರ ಬದುಕು ತೋರಿಸಿಕೊಟ್ಟಿತು. ಆಳದ ಸೆನ್ಸರ್ ಮರಳಿ ಬಂದಿದ್ದು ಮುಂದೆ, 2020ರ ಮಾರ್ಚಿನಲ್ಲಿ ಐಪ್ಯಾಡ್ ಪ್ರೊ ಮೇಲೆ ಲೈಡಾರ್ ಆಗಿ. ಅದೇ ವರ್ಷ ಅದು ಐಫೋನ್ 12 ಪ್ರೊಗೂ ಬಂತು.

ಟ್ಯಾಂಗೊ ಹೆಸರಿಸಿದ ಮೂರನೆಯದು, ಕಂಡ ಜಾಗವನ್ನು ಮತ್ತೆ ಗುರುತಿಸುವುದು, ನಿಮ್ಮ ಸಮಸ್ಯೆಗೆ ಮದ್ದು. ಹೊರಟ ಬಾಗಿಲಿಗೆ ಮರಳಿ ಬಂದಾಗ ಫೋನಿಗೆ ‘ಇದನ್ನು ನಾನು ಆಗಲೇ ಕಂಡಿದ್ದೇನೆ’ ಎಂದು ಹೊಳೆದುಬಿಟ್ಟರೆ, ಎರಡು ಚೌಕಟ್ಟುಗಳ ನಡುವಿನ ಅಂತರವೇ ಒಟ್ಟು ತಪ್ಪು ಎಂದು ಅದಕ್ಕೆ ತಿಳಿಯುತ್ತದೆ. ಆ ತಪ್ಪನ್ನು ನಡೆದ ದಾರಿಯುದ್ದಕ್ಕೂ ಹಂಚಿ ನಕ್ಷೆಯನ್ನು ಮತ್ತೆ ಹೆಣೆಯುತ್ತದೆ. ಈ ಕೆಲಸಕ್ಕೆ ಲೂಪ್ ಕ್ಲೋಷರ್ ಎನ್ನುತ್ತಾರೆ. ನಿಮ್ಮ ಸ್ಕ್ಯಾನಿನಲ್ಲಿ ಅದು ಆಗಲಿಲ್ಲ. ಹೊರಡುವಾಗ ನೀವು ಆ ಬಾಗಿಲನ್ನು ಬೆನ್ನ ಹಿಂದೆ ಬಿಟ್ಟಿದ್ದಿರಿ ಅಥವಾ ಓರೆಯಾಗಿ ಒಮ್ಮೆ ಹಾಯಿಸಿದ್ದಿರಿ. ಬರುವಾಗ ಕಂಡದ್ದು ಎದುರಿನಿಂದ. ಬೇರೆ ಕೋನದಿಂದ ಕಂಡ ಬಾಗಿಲು ಫೋನಿನ ಪಾಲಿಗೆ ಹೊಸ ಬಾಗಿಲು.

ಆದ್ದರಿಂದ ಮುಂದಿನ ಸಲ ಹೊರಡುವ ಮುನ್ನ ಆ ಬಾಗಿಲ ಎದುರು ನಿಂತು, ಎರಡು ಮೂರು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾ ನಿಧಾನವಾಗಿ ತೋರಿಸಿ. ಮರಳಿದ ಮೇಲೆ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಫೋನ್ ಹಿಡಿದು ಮತ್ತೆ ತೋರಿಸಿ, ಆಮೇಲೆ ಸ್ಕ್ಯಾನ್ ಮುಗಿಸಿ. ಕೊನೆಯಲ್ಲಿ ನಿಂತಲ್ಲೇ ಗಿರಕ್ಕನೆ ತಿರುಗಬೇಡಿ. ಅರ್ಧಚಂದ್ರದಂತೆ ನಡೆದು ತಿರುಗಿ, ನೋಟದಲ್ಲಿ ಗುರುತಿಗೆ ಸಿಗುವ ಏನಾದರೊಂದು ಸದಾ ಇರಲಿ. ಬರಿ ಗೋಡೆಯಿದ್ದರೆ ದಪ್ಪಕ್ಷರ ಅಚ್ಚಾದ ನಾಲ್ಕು ಹಾಳೆಗಳನ್ನು ಅಂಟಿಸಿಬಿಡಿ. ಹಾಳೆಗಳು ಒಂದಕ್ಕೊಂದು ಬೇರೆಯಾಗಿರಲಿ. ಒಂದೇ ಥರದ ಹಾಳೆಗಳಿದ್ದರೆ ಒಂದನ್ನು ಇನ್ನೊಂದೆಂದು ತಿಳಿದು ಅದು ಮತ್ತಷ್ಟು ದಾರಿ ತಪ್ಪೀತು. ದೀಪಗಳೆಲ್ಲ ಉರಿಯುತ್ತಿರಲಿ. ಲೈಡಾರಿಗೆ ಕತ್ತಲೆಯ ಹಂಗಿಲ್ಲ, ಆದರೆ ದಾರಿ ತೋರಿಸುವ ಕ್ಯಾಮೆರಾಕ್ಕೆ ಇದೆ.

ಕನ್ನಡಿಗಳಿಗೆ ಬಟ್ಟೆ ಹೊದಿಸಿ. ನಾನೊಮ್ಮೆ ಬಚ್ಚಲುಮನೆಯೊಂದನ್ನು ಸ್ಕ್ಯಾನ್ ಮಾಡಿದ್ದೆ, ಒಂದು ಬದಿಗೆ ಗೋಡೆಯಗಲದ ಕನ್ನಡಿ. ನಕ್ಷೆಯಲ್ಲಿ ಗೋಡೆಯಾಚೆ ಅಷ್ಟೇ ಅಗಲದ ಇನ್ನೊಂದು ಬಚ್ಚಲುಮನೆ ಎದ್ದು ನಿಂತಿತ್ತು, ಎಡಗಡೆಯ ನಲ್ಲಿ ಅಲ್ಲಿ ಬಲಕ್ಕಿತ್ತು. ಬೆಳಕು ಕನ್ನಡಿಗೆ ಬಡಿದು, ಎದುರು ಗೋಡೆಗೆ ಹೋಗಿ, ಬಂದ ದಾರಿಯಲ್ಲೇ ಮರಳಿದೆ. ಅದು ಹೇಳಿದ ದೂರ ಸುಳ್ಳಲ್ಲ, ದಿಕ್ಕು ಮಾತ್ರ ಸುಳ್ಳು. ಪಾರದರ್ಶಕ ಗಾಜಿನ ಮೂಲಕ ಹಾದುಹೋಗಿ ಗಾಜೇ ಇಲ್ಲವೆನ್ನುತ್ತದೆ. ಹೊಳಪಿಲ್ಲದ ಕಡುಗಪ್ಪು ಮೇಲ್ಮೈ ಬೆಳಕನ್ನು ನುಂಗಿಬಿಡುತ್ತದೆ, ಅಲ್ಲಿ ನಕ್ಷೆಗೆ ತೂತು ಬೀಳುತ್ತದೆ.

ನಿಮ್ಮ ವೃತ್ತಿಯ ದೃಷ್ಟಿಯಿಂದ ಇನ್ನೊಂದು ಮಾತು. ಸ್ಕ್ಯಾನ್ ಎಂದರೆ ಒಬ್ಬರ ಮನೆಯ ಒಳಗು, ಅವರ ಸಾಮಾನು ಸರಂಜಾಮು ಸಮೇತ. ಆಪ್ ಅದನ್ನು ಫೋನಿನಲ್ಲೇ ಇಡುತ್ತದೆಯೋ ಬೇರೆಲ್ಲಿಗಾದರೂ ಕಳಿಸುತ್ತದೆಯೋ ನೋಡಿಕೊಳ್ಳಿ, ಮನೆಯವರಿಗೂ ಮೊದಲೇ ತಿಳಿಸಿ.

ಉದ್ದ ಜಾಗಗಳನ್ನು ಒಂದೇ ಉಸಿರಿಗೆ ಮುಗಿಸಬೇಕೆಂದಿಲ್ಲ. ಕೋಣೆ ಕೋಣೆಯಾಗಿ ತುಂಡು ಮಾಡಿ ಸ್ಕ್ಯಾನ್ ಮಾಡಿ, ತುಂಡುಗಳನ್ನು ಕೂಡಿಸುವ ಉದ್ದಗಳನ್ನು ಮಾತ್ರ ಲೇಸರ್ ಮೀಟರಿನಲ್ಲಿ ತೆಗೆದುಕೊಳ್ಳಿ. ಎರಡು ಚೌಕಟ್ಟು ಮೂಡಿದ ಆ ಹಳೆಯ ಸ್ಕ್ಯಾನನ್ನೂ ಅಳಿಸಬೇಡಿ. ಹೋಗುವಾಗಿನ ಅರ್ಧ, ಬರುವಾಗಿನ ಅರ್ಧ, ಎರಡರ ಆಕಾರವೂ ಬಿಡಿಬಿಡಿಯಾಗಿ ಸರಿಯಾಗಿಯೇ ಇರಬೇಕು. ಕೆಟ್ಟಿದ್ದು ಅವು ಕೂಡುವ ತಿರುವು. ಪಾಯಿಂಟ್ ಕ್ಲೌಡ್, ಅಂದರೆ ಸ್ಕ್ಯಾನಿನಿಂದ ಬಂದ ಬಿಂದುಗಳ ರಾಶಿಯನ್ನು, ತಿದ್ದುವ ಸಾಫ್ಟ್‌ವೇರಿನಲ್ಲಿ ಬರುವಾಗಿನ ಭಾಗವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಉದ್ದದ ದಿಕ್ಕಿನಲ್ಲಿ ಮಾತ್ರ 9.06ರಿಂದ 9ಕ್ಕೆ ಇಳಿಸಿದರೆ ಆ ಕಾರಿಡಾರಿಗೆ ನೀವು ಮತ್ತೆ ಹೋಗಬೇಕಾಗಿಲ್ಲ.